ಬೀಸಣಿಗೆಯಂತೆ ಮಡಿಸಿದ ಮತಪತ್ರ

ಮತಪತ್ರವನ್ನು ಹೇಗೆ ಮಡಿಸಬೇಕೆಂದು ನಾನು ನೂರಾರು ಜನರಿಗೆ ತೋರಿಸಿಕೊಟ್ಟಿದ್ದೇನೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಾಗೆ ಮಡಿಸದಿದ್ದರೆ ಮುದ್ರೆಯ ಹಸಿ ಶಾಯಿ ಪಕ್ಕದ ಗುರುತಿಗೂ ಮೆತ್ತಿಕೊಂಡು ಮತ ಕೆಡುತ್ತದೆ. ಮತಯಂತ್ರ ಬರುವುದಕ್ಕೆ ಮುಂಚಿನ ಮಾತು ಇದು. ಶಾಲೆಯ ಮೇಷ್ಟರಾದವರಿಗೆ ಚುನಾವಣಾ ಕರ್ತವ್ಯ ತಪ್ಪುತ್ತಿರಲಿಲ್ಲ. ಹಿಂದಿನ ದಿನವೇ ಪೆಟ್ಟಿಗೆ, ಅರಗು, ದಾರ, ಶಾಯಿಯ ಬಾಟಲಿ ಹೊತ್ತುಕೊಂಡು ಹೋಗಿ, ಯಾವುದೋ ಶಾಲೆಯ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆಯಬೇಕಿತ್ತು. ಆ ಕೆಲಸವನ್ನು ನಾನು ಇಷ್ಟಪಟ್ಟು ಮಾಡಿದವನೇನಲ್ಲ. ಆದರೆ ಆ ಮಡಿಕೆ ಮಾತ್ರ ಕೈಗೆ ಅಂಟಿಕೊಂಡುಬಿಟ್ಟಿತು. ಈಗಲೂ ಯಾವ ಕಾಗದವನ್ನು ಕೈಗೆತ್ತಿಕೊಂಡರೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ.

ಅದಕ್ಕೇ ಇರಬೇಕು, 2020ರ ಆಗಸ್ಟ್‌ನಲ್ಲಿ ಬೆಲಾರೂಸ್ ದೇಶದ ಒಂದು ಮತಪೆಟ್ಟಿಗೆಯ ಚಿತ್ರ ಕಂಡಾಗ ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ಒಳಗಿದ್ದದ್ದು ಹೊರಗೆ ಕಾಣುವಂಥ ಪಾರದರ್ಶಕ ಪೆಟ್ಟಿಗೆ. ಅದರೊಳಗೆ ಬಿದ್ದಿದ್ದ ಚೀಟಿಗಳಲ್ಲಿ ಕೆಲವು ಎಲ್ಲರೂ ಮಡಿಸುವಂತೆ ಮಡಿಸಿದವು. ಉಳಿದವು ಮಕ್ಕಳು ನೋಟುಪುಸ್ತಕದ ಹಾಳೆ ಹರಿದು ಬೀಸಣಿಗೆ ಮಾಡಿಕೊಳ್ಳುತ್ತಾರಲ್ಲ, ಹಾಗೆ ನೆರಿಗೆ ನೆರಿಗೆಯಾಗಿ ಮಡಿಸಿದವು. ಕಾಗದ ಮಡಿಸುವ ಇಷ್ಟು ತಾಳ್ಮೆ ಮತದಾರರಿಗೆ ಎಲ್ಲಿಂದ ಬಂತು ಎಂದು ಮೊದಲು ನಗು ಬಂತು. ಕಾರಣ ತಿಳಿದ ಮೇಲೆ ನಗು ನಿಂತಿತು.

ಕಾರಣ ಇಷ್ಟೇ. ತಮ್ಮ ಮತವನ್ನು ಎಣಿಸುವವರ ಮೇಲೆ ಅಲ್ಲಿಯ ಜನರಿಗೆ ನಂಬಿಕೆ ಇರಲಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಇರುವಾಗಲೇ, ಗಾಜಿನಾಚೆಯಿಂದಲೇ ತಮ್ಮ ಮತ ಎಣಿಕೆಗೆ ಸಿಗಲಿ ಎಂದು ವಿರೋಧ ಪಕ್ಷದವರು ಈ ಮಡಿಕೆಯನ್ನು ಹೇಳಿಕೊಟ್ಟಿದ್ದರು. ಬಿಳಿಯ ಪಟ್ಟಿ ಕೈಗೆ ಕಟ್ಟಿಕೊಂಡು ಬನ್ನಿ, ಹೊರಗೆ ಕುಳಿತ ವೀಕ್ಷಕರು ನಿಮ್ಮನ್ನು ಎಣಿಸಿಕೊಳ್ಳಲಿ ಎಂದೂ ಹೇಳಿದ್ದರು. ಇದರ ಜೊತೆಗೆ ‘ಗೊಲೊಸ್’ ಎಂಬ ಒಂದು ವ್ಯವಸ್ಥೆಯನ್ನು ಕಂಪ್ಯೂಟರ್ ಬಲ್ಲ ಕೆಲವರು ಕಟ್ಟಿದ್ದರು. ಮತಪತ್ರದ ಫೋಟೊ ತೆಗೆದು ಅದಕ್ಕೆ ಕಳುಹಿಸಿದರೆ ಅದು ಎಣಿಸುತ್ತದೆ. ಗೊಲೊಸ್ ಎಂದರೆ ರಷ್ಯನ್ ಭಾಷೆಯಲ್ಲಿ ದನಿ ಎಂದೂ ಹೌದು, ಮತ ಎಂದೂ ಹೌದು. ನಮ್ಮಲ್ಲಿ ಮತ ಎಂದರೆ ಅಭಿಪ್ರಾಯ, ಅವರಲ್ಲಿ ಕಂಠ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಹೆಸರು ನೋಂದಾಯಿಸಿದರು, ಐದು ಲಕ್ಷಕ್ಕೂ ಹೆಚ್ಚು ಜನ ಫೋಟೊ ಕಳುಹಿಸಿದರು. ಇಡೀ ದೇಶದ ಜನಸಂಖ್ಯೆಯೇ ಒಂದು ಕೋಟಿಗಿಂತ ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು.

ಎಣಿಕೆಯ ಮೇಲಿನ ಈ ಜಿದ್ದು ಒಂದೇ ಬೇಸಿಗೆಯಲ್ಲಿ ಹುಟ್ಟಿದ್ದಲ್ಲ. ಅಲೆಕ್ಸಾಂಡರ್ ಲುಕಾಶೆಂಕೊ 1994ರಲ್ಲಿ ಅಧ್ಯಕ್ಷರಾದವರು. ಆ ಕುರ್ಚಿಯಿಂದ ಎದ್ದೇ ಇಲ್ಲ. ಪ್ರತಿ ಚುನಾವಣೆಯಲ್ಲೂ ಅವರಿಗೆ ಶೇ 80ರ ಆಸುಪಾಸಿನಲ್ಲಿ ಮತ ಬರುತ್ತದೆ, ಪ್ರತಿ ಚುನಾವಣೆಯಲ್ಲೂ ಜೈಲಿಗೆ ಹೊಸಬರು ಬರುತ್ತಾರೆ. 2006ರಲ್ಲಿ ಸ್ಪರ್ಧಿಸಿದ್ದ ಅಲೆಕ್ಸಾಂಡರ್ ಕೊಜುಲಿನ್ ಅವರಿಗೆ ಐದೂವರೆ ವರ್ಷದ ಶಿಕ್ಷೆಯಾಯಿತು. 2010ರ ಡಿಸೆಂಬರ್ 19ರ ರಾತ್ರಿಯದಂತೂ ಬೇರೆಯೇ ಕಥೆ. ಅಂದು ಎದುರಾಳಿಗಳಾಗಿ ನಿಂತಿದ್ದವರು ಒಂಬತ್ತು ಜನ. ಬೆಳಗಾಗುವುದರೊಳಗೆ ಅವರಲ್ಲಿ ಏಳು ಜನ ಬಂಧನದಲ್ಲಿದ್ದರು. ಅವರಲ್ಲಿ ಒಬ್ಬರಾದ ಕವಿ ವ್ಲಾಡಿಮಿರ್ ನೆಕ್ಲ್ಯಾಯೆವ್ ಅವರಿಗೆ ಪ್ರತಿಭಟನೆಯ ಚೌಕ ತಲುಪುವ ಮೊದಲೇ ಹೊಡೆತ ಬಿದ್ದು ಪ್ರಜ್ಞೆ ತಪ್ಪಿತ್ತು. ಆಸ್ಪತ್ರೆಗೆ ಸೇರಿಸಿದ್ದ ಅವರನ್ನು ಮಫ್ತಿಯಲ್ಲಿದ್ದವರು ಬಂದು ಕಂಬಳಿಯಲ್ಲಿ ಸುತ್ತಿ ಹೊತ್ತೊಯ್ದರು. ಸುಮಾರು ಏಳುನೂರು ಜನ ಒಂದೇ ರಾತ್ರಿ ಲಾಕಪ್ ಸೇರಿದರು.

ಮರುವರ್ಷ ಜನ ಘೋಷಣೆ ಕೂಗುವುದನ್ನು ಬಿಟ್ಟು ಬೀದಿಯಲ್ಲಿ ನಿಂತು ಬರಿದೇ ಚಪ್ಪಾಳೆ ತಟ್ಟತೊಡಗಿದರು. ಪೊಲೀಸರು ಚಪ್ಪಾಳೆ ತಟ್ಟಿದವರನ್ನೂ ಹಿಡಿದರು. ಹಾಗೆ ಹಿಡಿದವರಲ್ಲಿ ಒಂದೇ ಕೈಯಿದ್ದ ಮನುಷ್ಯನೂ ಒಬ್ಬ! 2013ರಲ್ಲಿ ವ್ಯಂಗ್ಯದ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಲುಕಾಶೆಂಕೊ ಮತ್ತು ಅವರ ಪೊಲೀಸರಿಗೆ ಜಂಟಿಯಾಗಿ ಕೊಟ್ಟದ್ದು ಈ ಕಾರಣಕ್ಕೇ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಆ ಒಂಟಿ ಕೈಯ ಮನುಷ್ಯ ನ್ಯಾಯಾಧೀಶರ ಮುಂದೆ ನಿಂತು ಏನು ಹೇಳಿರಬಹುದು ಎಂಬ ಯೋಚನೆ ಹತ್ತುತ್ತದೆ.

2020ಕ್ಕೆ ಬರೋಣ. ಚುನಾವಣೆ ಆಗಸ್ಟ್ 9ಕ್ಕೆ ನಿಗದಿಯಾಗಿತ್ತು. ಬಂಧನಗಳು ಮೇ ತಿಂಗಳಲ್ಲೇ ಶುರುವಾದವು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಗಮನಿಸಬೇಕಾದದ್ದು ಇದೇ. ಚುನಾವಣೆಯ ನಂತರದ ಲಾಠಿಯನ್ನು ಎಲ್ಲರೂ ನೋಡುತ್ತಾರೆ, ಕ್ಯಾಮೆರಾಗಳೂ ಆಗಲೇ ಬರುತ್ತವೆ. ಮುಂಚಿನ ಬಂಧನ ಸದ್ದಿಲ್ಲದ್ದು, ಮತ್ತು ಕೆಲಸ ಕೆಡುವುದು ಅಲ್ಲೇ.

ಅಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಬೇಕಾದರೆ ಒಂದು ಲಕ್ಷ ಮತದಾರರ ಸಹಿ ಬೇಕು. ಸೆರ್ಗೆಯ್ ಟಿಖಾನೊವ್‌ಸ್ಕಿ ಯೂಟ್ಯೂಬ್‌ನಲ್ಲಿ ಊರೂರು ಸುತ್ತಿ ಜನರ ಮಾತು ಕೇಳಿಸುತ್ತಿದ್ದವರು. ಲಾಕಪ್‌ನಲ್ಲಿದ್ದ ಕಾರಣ ಅರ್ಜಿಯನ್ನು ತಾವೇ ಸಲ್ಲಿಸಲಾಗಲಿಲ್ಲ. ಅವರ ಹೆಂಡತಿ ಸ್ವೆಟ್ಲಾನಾ ತಮ್ಮ ಹೆಸರಿನಲ್ಲಿ ಸಲ್ಲಿಸಿದರು. ಹೊರಬಂದ ಸೆರ್ಗೆಯ್ ಹೆಂಡತಿಗಾಗಿ ಸಹಿ ಸಂಗ್ರಹಿಸುತ್ತ ಗ್ರೋಡ್ನೊ ಪಟ್ಟಣದಲ್ಲಿದ್ದಾಗ, ಮೇ 29ರಂದು, ಮತ್ತೆ ಬಂಧನ. ಬ್ಯಾಂಕಿನ ಮುಖ್ಯಸ್ಥರಾಗಿದ್ದ ವಿಕ್ಟರ್ ಬಬರಿಕೊ ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಜೂನ್ 18ರಂದು ಮಗನ ಜೊತೆ ಅವರನ್ನೂ ಹಿಡಿದರು. ಅಮೆರಿಕದಲ್ಲಿ ರಾಯಭಾರಿಯಾಗಿದ್ದ ವಲೇರಿ ಸೆಪ್ಕಾಲೊ ಒಂದು ಲಕ್ಷ ಅರುವತ್ತು ಸಾವಿರ ಸಹಿ ಒಪ್ಪಿಸಿದರೆ, ಚುನಾವಣಾ ಆಯೋಗಕ್ಕೆ ಅದರಲ್ಲಿ ಎಪ್ಪತ್ತೈದು ಸಾವಿರ ಮಾತ್ರ ಸರಿಯಾದವು ಎನ್ನಿಸಿತು. ಅವರು ಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟರು.

ಸ್ವೆಟ್ಲಾನಾ ಅವರನ್ನು ಮಾತ್ರ ಸ್ಪರ್ಧಿಸಲು ಬಿಟ್ಟರು. ಯಾಕೆ ಬಿಟ್ಟರು? ನಮ್ಮ ಸಂವಿಧಾನ ಹೆಂಗಸಿಗಾಗಿ ಬರೆದದ್ದಲ್ಲ ಎಂಬರ್ಥದ ಮಾತನ್ನು ಲುಕಾಶೆಂಕೊ ಆಗ ಬಹಿರಂಗವಾಗಿಯೇ ಆಡಿದ್ದರು. ಮನೆ, ಮಕ್ಕಳು ಎಂದುಕೊಂಡಿದ್ದ ಈ ಇಂಗ್ಲಿಷ್ ಮೇಡಂ ಲುಕಾಶೆಂಕೊ ದೃಷ್ಟಿಯಲ್ಲಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲ ಎಂಬ ಈ ಒಂದು ತಪ್ಪು ಲೆಕ್ಕ ಇಡೀ ಬೇಸಿಗೆಯನ್ನು ತಿರುಗಿಸಿತು. ಜೈಲು ಸೇರಿದ ಬಬರಿಕೊ ಅವರ ಪ್ರಚಾರ ನಡೆಸುತ್ತಿದ್ದ ಕೊಳಲುವಾದಕಿ ಮರಿಯಾ ಕೊಲೆಸ್ನಿಕೊವಾ ಮತ್ತು ದೇಶ ಬಿಟ್ಟ ಸೆಪ್ಕಾಲೊ ಅವರ ಹೆಂಡತಿ ವೆರೊನಿಕಾ, ಸ್ವೆಟ್ಲಾನಾ ಜೊತೆ ಸೇರಿದರು. ಮೂವರಿಗೂ ಒಂದೊಂದು ಸನ್ನೆ: ಒಬ್ಬರದು ಬಿಗಿದ ಮುಷ್ಟಿ, ಒಬ್ಬರದು ಬೆರಳು ಜೋಡಿಸಿದ ಹೃದಯ, ಒಬ್ಬರದು ಎರಡು ಬೆರಳಿನ ವಿಜಯದ ಗುರುತು. ಅವರ ಪ್ರಣಾಳಿಕೆಯಲ್ಲಿ ಉಚಿತ ಕೊಡುಗೆಗಳಿರಲಿಲ್ಲ. ಬಂಧಿತರನ್ನು ಬಿಡುತ್ತೇವೆ, ಆರು ತಿಂಗಳಲ್ಲಿ ಸರಿಯಾದ ಇನ್ನೊಂದು ಚುನಾವಣೆ ನಡೆಸುತ್ತೇವೆ ಎಂಬುದೇ ಅದರ ತಿರುಳು. ಗೆದ್ದರೆ ಮತ್ತೊಮ್ಮೆ ಎಣಿಸುತ್ತೇವೆ ಎಂದು ಮತ ಕೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಜುಲೈ 30ರಂದು ರಾಜಧಾನಿ ಮಿನ್ಸ್ಕ್‌ನ ಉದ್ಯಾನದಲ್ಲಿ ಅವರ ಸಭೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಹಾಗೆಂದು ಎಣಿಸಿ ಹೇಳಿದ್ದು ‘ವ್ಯಾಸ್ನಾ’ ಎಂಬ ಮಾನವ ಹಕ್ಕು ಸಂಘಟನೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮತದಾನ ಐದು ದಿನ ಮೊದಲೇ ಶುರುವಾಗುತ್ತದೆ, ಅದು ಅಲ್ಲಿಯ ಪದ್ಧತಿ. ಹಾಸ್ಟೆಲಿನ ವಿದ್ಯಾರ್ಥಿಗಳು, ಸಿಪಾಯಿಗಳು, ಸರ್ಕಾರಿ ನೌಕರರು ಮೊದಲೇ ಹೋಗಿ ಮತ ಹಾಕಿ ಬರಬೇಕೆಂಬ ಒತ್ತಡವಿರುತ್ತದೆ. ಶೇ 41.7ರಷ್ಟು ಮತದಾರರು ಹೀಗೆಯೇ ಮತ ಹಾಕಿದರೆಂದು ಆಯೋಗ ಹೇಳಿತು. ಅಷ್ಟೂ ರಾತ್ರಿ ಪೆಟ್ಟಿಗೆ ಯಾರ ಕಾವಲಿನಲ್ಲಿತ್ತು ಎಂದು ಕೇಳುವಂತಿಲ್ಲ. ಒಂದು ರಾತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿದ ನನಗೆ ಐದು ರಾತ್ರಿ ಎಂದರೆ ಏನೆಂದು ಗೊತ್ತು. ಸ್ವತಂತ್ರ ವೀಕ್ಷಕರನ್ನು ಒಳಗೆ ಬಿಡಲಿಲ್ಲ. ಕೊರೊನಾ ನೆಪ ಸಿಕ್ಕಿತ್ತು. ಅವರು ಶಾಲೆಯ ಗೇಟಿನ ಹೊರಗೆ ನಿಂತು ಒಳಹೋದವರನ್ನು ಒಬ್ಬೊಬ್ಬರಾಗಿ ಲೆಕ್ಕ ಹಾಕಿದರು. ಹಾಗೆ ಲೆಕ್ಕ ಹಾಕಿದ ತಪ್ಪಿಗೂ ಕೆಲವರನ್ನು ಎತ್ತಿಕೊಂಡು ಹೋದರು.

ಅಲ್ಲಿಯೂ ಮತಗಟ್ಟೆ ಎಂದರೆ ಹೆಚ್ಚಾಗಿ ಶಾಲೆ, ಮತಗಟ್ಟೆ ಸಿಬ್ಬಂದಿ ಎಂದರೆ ಹೆಚ್ಚಾಗಿ ಆ ಶಾಲೆಯ ಮೇಷ್ಟರು, ಮೇಡಂಗಳು. ಮುಖ್ಯೋಪಾಧ್ಯಾಯರೇ ಹಲವೆಡೆ ಮುಖ್ಯಸ್ಥರು. ಎಣಿಕೆ ಮುಗಿದ ಮೇಲೆ ಫಲಿತಾಂಶದ ಹಾಳೆಯನ್ನು ಬಾಗಿಲಿಗೆ ಅಂಟಿಸಬೇಕೆಂಬುದು ನಿಯಮ. ಆಗಸ್ಟ್ 9ರ ರಾತ್ರಿ ಜನ ಶಾಲೆಗಳ ಮುಂದೆ ಆ ಹಾಳೆಗಾಗಿ ಕಾದು ನಿಂತಿದ್ದರು. ಅಂದಿನ ಒಂದು ವಿಡಿಯೊ ನನ್ನ ತಲೆಯಿಂದ ಹೋಗುತ್ತಿಲ್ಲ. ಶಾಲೆಯ ಮೇಲಂತಸ್ತಿನ ಕಿಟಕಿಗೆ ಏಣಿ ಹಾಕಲಾಗಿದೆ. ಒಬ್ಬ ಹೆಂಗಸು ಚೀಲ ಹಿಡಿದುಕೊಂಡು ಆ ಏಣಿಯಿಂದ ಕೆಳಗಿಳಿಯುತ್ತಿದ್ದಾರೆ, ಪೊಲೀಸನೊಬ್ಬ ಆಸರೆಯಾಗಿ ನಿಂತಿದ್ದಾನೆ. ಜಗತ್ತೆಲ್ಲ ಅದನ್ನು ನೋಡಿ ಗೇಲಿ ಮಾಡಿತು. ನನಗೆ ಗೇಲಿ ಮಾಡಲಾಗಲಿಲ್ಲ. ಕೆಲಸ, ಪಿಂಚಣಿ, ಮನೆ ಎಲ್ಲವೂ ಮೇಲಿನವರ ಕೈಯಲ್ಲಿರುವ ಒಬ್ಬ ಮೇಡಂ ಅವರು ಎಂದು ನಾನು ಊಹಿಸಿಕೊಂಡೆ. ಮುಂದಿನ ಬಾಗಿಲಲ್ಲಿ ತಾವು ಪಾಠ ಹೇಳಿದ ಹುಡುಗರ ಅಪ್ಪ ಅಮ್ಮಂದಿರೇ ನಿಂತಿರುವಾಗ ಆ ಬಾಗಿಲಿನಿಂದ ಹೊರಬರುವ ಧೈರ್ಯ ಯಾರಿಗಾದರೂ ಹೇಗೆ ಬರಬೇಕು? ಅವರ ಜಾಗದಲ್ಲಿ ನಾನಿದ್ದರೆ ಸುಳ್ಳು ಲೆಕ್ಕದ ಹಾಳೆಗೆ ಸಹಿ ಹಾಕುತ್ತಿರಲಿಲ್ಲ ಎಂದು ಎದೆತಟ್ಟಿ ಹೇಳಲಾರೆ.

ಆದರೆ ಅದೇ ರಾತ್ರಿ, ಅದೇ ದೇಶದಲ್ಲಿ, ಸರಿಯಾಗಿ ಎಣಿಸಿ ಸರಿಯಾದ ಹಾಳೆಯನ್ನು ಬಾಗಿಲಿಗೆ ಅಂಟಿಸಿದ ಮತಗಟ್ಟೆಗಳೂ ಇದ್ದವು. ಅಲ್ಲಿ ಸ್ವೆಟ್ಲಾನಾ ಹೆಸರಿನ ಮುಂದೆ ದೊಡ್ಡ ಸಂಖ್ಯೆ, ಲುಕಾಶೆಂಕೊ ಹೆಸರಿನ ಮುಂದೆ ಚಿಕ್ಕ ಸಂಖ್ಯೆ. ಹೊರಗೆ ಕಾದಿದ್ದ ಜನ ಚಪ್ಪಾಳೆ ತಟ್ಟಿದರು. ಆ ಮೇಷ್ಟರುಗಳೂ ಪಿಂಚಣಿ ನಂಬಿಕೊಂಡವರೇ ಇರಬೇಕಲ್ಲ.

ದೇಶಕ್ಕೆ ಸಿಕ್ಕ ಅಧಿಕೃತ ಲೆಕ್ಕ ಲುಕಾಶೆಂಕೊ ಅವರಿಗೆ ಶೇ 80.1, ಸ್ವೆಟ್ಲಾನಾ ಅವರಿಗೆ ಶೇ 10.1. ಅಂದರೆ ಐದು ಲಕ್ಷ ಎಂಬತ್ತೆಂಟು ಸಾವಿರದ ಸುತ್ತಮುತ್ತ ಮತ. ಗೊಲೊಸ್‌ಗೆ ಬಂದ ಫೋಟೊಗಳೇ ಹೆಚ್ಚುಕಡಿಮೆ ಆ ಸಂಖ್ಯೆಯನ್ನು ಮುಟ್ಟುತ್ತಿದ್ದವು. ಸ್ಮಾರ್ಟ್‌ಫೋನ್ ಇಲ್ಲದ, ಫೋಟೊ ತೆಗೆಯಲು ಹೆದರಿದ ಒಬ್ಬರೂ ಆಕೆಗೆ ಮತ ಹಾಕಲಿಲ್ಲ ಎಂದು ನಂಬಿದರೆ ಮಾತ್ರ ಆ ಲೆಕ್ಕ ಕೂಡುತ್ತದೆ.

ಮೂರು ದಿನ ಇಂಟರ್ನೆಟ್ ಸತ್ತಿತು. ಆ ಮೂರ್ನಾಲ್ಕು ದಿನಗಳಲ್ಲಿ ಬಂಧಿಸಿದವರ ಸಂಖ್ಯೆ ಆರೂವರೆ ಸಾವಿರ ದಾಟಿತು. ವರ್ಷದ ಕೊನೆಗೆ ಅದು ಮೂವತ್ತು ಸಾವಿರಕ್ಕಿಂತ ಮೇಲಾಗಿತ್ತು. ಮಿನ್ಸ್ಕ್‌ನ ಅಕ್ರೆಸ್ತಿನಾ ಬಂದೀಖಾನೆಯಲ್ಲಿ ನಾಲ್ಕು ಜನರಿಗೆಂದು ಕಟ್ಟಿದ ಕೋಣೆಗೆ ಮೂವತ್ತಕ್ಕೂ ಹೆಚ್ಚು ಜನರನ್ನು ತುಂಬಿದರು. ಅಂಗಳದಲ್ಲಿ ಹೊಡೆಯುವ ಸದ್ದು, ಕಿರುಚುವ ಸದ್ದು ಗೋಡೆಯಾಚೆ ರಾತ್ರಿಯಿಡೀ ಕೇಳುತ್ತಿತ್ತು. ಗೋಡೆಯ ಹೊರಗೆ ತಾಯಂದಿರು, ಹೆಂಡಿರು, ಅಣ್ಣತಮ್ಮಂದಿರು ಹೆಸರಿನ ಪಟ್ಟಿ ಹಿಡಿದು ನಿಂತಿದ್ದರು. ಒಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಹೇಳುವವರಿರಲಿಲ್ಲ. ಬಿಡುಗಡೆಯಾಗಿ ಬಂದವರು ತಮ್ಮ ಕೋಣೆಯಲ್ಲಿದ್ದವರ ಹೆಸರುಗಳನ್ನು ನೆನಪಿನಿಂದ ಹೇಳುವುದು, ಸ್ವಯಂಸೇವಕರು ಬರೆದುಕೊಳ್ಳುವುದು. ಪಟ್ಟಿ ಬೆಳೆದದ್ದು ಹೀಗೆ. ವಿಚಾರಣೆ ಎಂಬುದೂ ನಡೆಯಿತು. ಸಾಕ್ಷಿ ಹೇಳುವ ಪೊಲೀಸರು ಮುಖಕ್ಕೆ ಮುಸುಕು ಹಾಕಿಕೊಂಡು, ಸುಳ್ಳು ಹೆಸರಿನಲ್ಲಿ, ಸ್ಕೈಪ್ ಮೂಲಕ ಬರುತ್ತಿದ್ದರು. ಶಿಕ್ಷೆ ಹತ್ತು ದಿನ, ಹದಿನೈದು ದಿನ. ಅಲ್ಲಿಯ ಜನ ಇದಕ್ಕೆ ‘ಸುತ್ಕಿ’ ಎನ್ನುತ್ತಾರೆ. ಹಗಲೂ ಇರುಳೂ ಸೇರಿದ ಒಂದು ದಿನ ಎಂದರ್ಥ. ದಿನವನ್ನು ಇರುಳಿನ ಸಮೇತ ಎಣಿಸಿಕೊಡುವ ಶಿಕ್ಷೆ.

ದೊಡ್ಡವರಿಗೆ ವರ್ಷಗಳು ಬಿದ್ದವು. ಸ್ವೆಟ್ಲಾನಾ ಅವರನ್ನು ಎರಡೇ ದಿನಗಳಲ್ಲಿ ಲಿಥುವೇನಿಯಾಕ್ಕೆ ದಾಟಿಸಿದರು. ಕೊಲೆಸ್ನಿಕೊವಾ ಅವರನ್ನು ಸೆಪ್ಟೆಂಬರ್ 7ರಂದು ಮಿನ್ಸ್ಕ್‌ನ ಬೀದಿಯಿಂದ ಎತ್ತಿಕೊಂಡು ಹೋಗಿ, ಮರುದಿನ ಉಕ್ರೇನ್ ಗಡಿಯಲ್ಲಿ ಹೊರದಬ್ಬಲು ನೋಡಿದಾಗ, ಆಕೆ ತಮ್ಮ ಪಾಸ್‌ಪೋರ್ಟನ್ನೇ ಹರಿದು ಹಾಕಿದರು. ಪಾಸ್‌ಪೋರ್ಟ್ ಇಲ್ಲದವರನ್ನು ಗಡಿ ದಾಟಿಸುವುದು ಹೇಗೆ? ಹನ್ನೊಂದು ವರ್ಷ ಜೈಲು. ಬಬರಿಕೊ ಅವರಿಗೆ ಹದಿನಾಲ್ಕು, ಸೆರ್ಗೆಯ್ ಅವರಿಗೆ ಹದಿನೆಂಟು. ಅಲ್ಲಿಯ ಜೈಲುಗಳಲ್ಲಿ ರಾಜಕೀಯ ಕೈದಿಗಳ ಅಂಗಿಗೆ ಹಳದಿ ಪಟ್ಟಿ ಹೊಲಿಯುತ್ತಾರೆ. 2023ರಿಂದ ಇಂಥ ಹಲವರ ಸುದ್ದಿಯೇ ನಿಂತುಹೋಯಿತು. ಪತ್ರವಿಲ್ಲ, ಫೋನಿಲ್ಲ, ವಕೀಲರಿಲ್ಲ. ಕೊಲೆಸ್ನಿಕೊವಾ ಬದುಕಿದ್ದಾರೆಂದು ಅವರ ತಂದೆಗೆ ಕಣ್ಣಾರೆ ತಿಳಿದದ್ದು ಇಪ್ಪತ್ತು ತಿಂಗಳ ಮೇಲೆ, 2024ರ ನವೆಂಬರ್‌ನಲ್ಲಿ.

ಈಗ ವ್ಯಾಸ್ನಾ. ಬೆಲಾರೂಸಿ ಭಾಷೆಯಲ್ಲಿ ಈ ಪದಕ್ಕೆ ವಸಂತ ಎಂದರ್ಥ. ಅರ್ಥ ಮಾತ್ರವಲ್ಲ, ಬೇರೂ ಒಂದೇ. ಸಂಸ್ಕೃತದ ವಸಂತಕ್ಕೆ ಅದು ದೂರದ ದಾಯಾದಿ. 1996ರಲ್ಲಿ ಇದನ್ನು ಶುರುಮಾಡಿದವರು ಅಲೆಸ್ ಬಿಯಾಲಿಯಾಟ್‌ಸ್ಕಿ. ಸಾಹಿತ್ಯ ಓದಿಕೊಂಡು, ಒಬ್ಬ ಕವಿಯ ಹೆಸರಿನ ವಸ್ತುಸಂಗ್ರಹಾಲಯ ನೋಡಿಕೊಂಡಿದ್ದ ಮನುಷ್ಯ. ವ್ಯಾಸ್ನಾ ಮಾಡುವ ಕೆಲಸ ಬಹುಪಾಲು ಗುಮಾಸ್ತಿಕೆಯೇ. ಯಾರನ್ನು ಹಿಡಿದರು, ಎಂದು ಹಿಡಿದರು, ಯಾವ ಕಲಮು, ಎಷ್ಟು ವರ್ಷ, ಯಾವ ಜೈಲು, ಹುಟ್ಟಿದ ದಿನ ಯಾವುದು. ಹುಟ್ಟಿದ ದಿನ ಯಾಕೆಂದರೆ ಅಂದು ಯಾರಾದರೂ ಒಂದು ಕಾರ್ಡು ಹಾಕಲಿ ಎಂದು. ಸರ್ಕಾರ 2003ರಲ್ಲೇ ಸಂಘಟನೆಯ ನೋಂದಣಿ ರದ್ದು ಮಾಡಿತ್ತು. ಬಿಯಾಲಿಯಾಟ್‌ಸ್ಕಿ 2011ರಲ್ಲಿ ತೆರಿಗೆಯ ಹೆಸರಿನಲ್ಲಿ ಜೈಲಿಗೆ ಹೋಗಿ ಸುಮಾರು ಮೂರು ವರ್ಷ ಕಳೆದು ಬಂದರು. 2021ರ ಜುಲೈನಲ್ಲಿ ಮತ್ತೆ ಹಿಡಿದರು. 2022ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಾಗ ಅವರು ಬಂದೀಖಾನೆಯಲ್ಲಿದ್ದರು. ಓಸ್ಲೋದಲ್ಲಿ ಅದನ್ನು ಸ್ವೀಕರಿಸಿದವರು ಅವರ ಹೆಂಡತಿ. ಪ್ರಶಸ್ತಿ ಬಂದ ಐದು ತಿಂಗಳಿಗೆ ನ್ಯಾಯಾಲಯ ಹತ್ತು ವರ್ಷದ ಶಿಕ್ಷೆ ಕೊಟ್ಟಿತು. ಅವರು ಒಳಗೆ ಹೋದರೂ ಪಟ್ಟಿ ನಿಲ್ಲಲಿಲ್ಲ. ಕೈದಿಗಳನ್ನು ಎಣಿಸುತ್ತಿದ್ದವರು ಕೈದಿಗಳಾಗಿ ಪಟ್ಟಿಗೆ ಸೇರಿದರು, ಹೊರಗೆ ಉಳಿದವರು ವಿದೇಶದಲ್ಲಿ ಕುಳಿತು ಎಣಿಸತೊಡಗಿದರು.

ಆ ಪಟ್ಟಿಯಲ್ಲಿ ಎಷ್ಟೊಂದು ಜನ ಶಿಕ್ಷಕರು! ಒಮ್ಮೆ ಅವರಲ್ಲಿ ಒಬ್ಬರಿಗೆ ಪತ್ರ ಬರೆದೆ, ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಾನೂ ಮೇಷ್ಟರಾಗಿದ್ದವನು, ನಾನೂ ಮತ ಎಣಿಸಿದವನು, ಆರೋಗ್ಯ ನೋಡಿಕೊಳ್ಳಿ ಎಂದು. ಹತ್ತಿರದ ಸಂಬಂಧಿಗಳದ್ದಲ್ಲದ ಪತ್ರಗಳನ್ನು ಅಲ್ಲಿ ಕೈದಿಗಳಿಗೆ ಕೊಡುವುದಿಲ್ಲವೆಂದು ಆಮೇಲೆ ಓದಿದೆ. ವಿದೇಶದ ಪತ್ರದಿಂದ ಅವರಿಗೇ ತೊಂದರೆಯಾದರೆ ಎಂಬ ಅಳುಕೂ ಹುಟ್ಟಿತು. ಅದು ಮೇಜಿನ ಡ್ರಾಯರಿನಲ್ಲೇ ಇದೆ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿದ್ದು.

2025ರ ಜನವರಿ 26ರಂದು ಮತ್ತೊಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಈ ಸಲ ಬೀಸಣಿಗೆಯ ಮಡಿಕೆ ಇರಲಿಲ್ಲ. ಮತ ಗುರುತಿಸುವ ಜಾಗದ ಪರದೆಯನ್ನು ಹಿಂದಿನ ವರ್ಷದ ಸಂಸತ್ ಚುನಾವಣೆಯ ಹೊತ್ತಿಗೇ ತೆಗೆದುಹಾಕಿದ್ದರು. ಮತಪತ್ರದ ಫೋಟೊ ತೆಗೆಯುವುದು ನಿಷಿದ್ಧವಾಗಿತ್ತು. ದೇಶ ಬಿಟ್ಟ ಲಕ್ಷಾಂತರ ಜನರಿಗೆ ವಿದೇಶದಲ್ಲಿ ಒಂದು ಮತಗಟ್ಟೆಯೂ ಇರಲಿಲ್ಲ. ಆಗ ವ್ಯಾಸ್ನಾದ ಲೆಕ್ಕದಲ್ಲಿ ರಾಜಕೀಯ ಕೈದಿಗಳು 1,200ಕ್ಕೂ ಹೆಚ್ಚು. ಫಲಿತಾಂಶ ಶೇ 86.8. ಬೀದಿ ಶಾಂತವಾಗಿತ್ತು.

ಅದಾದ ಮೇಲೆ ಬಿಡುಗಡೆಗಳು ಶುರುವಾದವು. ಬಿಡುಗಡೆ ಎಂಬ ಪದವನ್ನು ಬರೆಯುವಾಗ ಪೆನ್ನು ತಡೆಯುತ್ತದೆ. ಜೂನ್‌ನಲ್ಲಿ ಅಮೆರಿಕದ ದೂತರು ಬಂದು ಹೋದರು. ಹದಿನಾಲ್ಕು ಜನ ಹೊರಬಂದರು, ಅವರಲ್ಲಿ ಸೆರ್ಗೆಯ್ ಕೂಡ. ಗುರುತೇ ಸಿಗದಷ್ಟು ಸೊರಗಿದ್ದರು. ಮಗಳಿಗೆ ತನ್ನ ಗುರುತು ಸಿಗಲಿಲ್ಲ ಎಂದು ಪತ್ರಕರ್ತರ ಮುಂದೆ ಹೇಳುತ್ತ ಅತ್ತುಬಿಟ್ಟರು. ಸೆಪ್ಟೆಂಬರ್‌ನಲ್ಲಿ ಅಲ್ಲಿಯ ವಿಮಾನ ಕಂಪನಿಯ ಮೇಲಿನ ನಿರ್ಬಂಧವನ್ನು ಅಮೆರಿಕ ಸಡಿಲಿಸಿತು, ಇನ್ನಷ್ಟು ಜನ ಬಂದರು. ಡಿಸೆಂಬರ್‌ನಲ್ಲಿ ಪೊಟ್ಯಾಶ್ ಗೊಬ್ಬರದ ಮೇಲಿನ ನಿರ್ಬಂಧದ ಸರದಿ. 123 ಜನ ಹೊರಬಂದರು. ಬಿಯಾಲಿಯಾಟ್‌ಸ್ಕಿ, ಕೊಲೆಸ್ನಿಕೊವಾ, ಬಬರಿಕೊ ಆ ಗುಂಪಿನಲ್ಲಿದ್ದರು. ವ್ಯಾಪಾರ ಹೊಸದಲ್ಲ. 2015ರ ಚುನಾವಣೆಗೆ ಸುಮಾರು ಎರಡು ತಿಂಗಳ ಮುಂಚೆಯೂ ಆರು ಜನರನ್ನು ಬಿಟ್ಟಿದ್ದರು, ಮರುವರ್ಷ ಯುರೋಪಿನ ನಿರ್ಬಂಧಗಳು ಸಡಿಲವಾಗಿದ್ದವು. ಒಬ್ಬರು ಹೊರಬಂದರೂ ಒಳ್ಳೆಯದೇ, ಆ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಹೀಗೆ ಬಿಟ್ಟವರಲ್ಲಿ ಹೆಚ್ಚಿನವರನ್ನು ಮನೆಗೆ ಬಿಡುವುದಿಲ್ಲ. ಜೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಗಡಿಯಾಚೆಗೆ. ಗಡಿಯಾಚೆ ಹೋದವರಿಗೆ ಮುಂದಿನ ಚುನಾವಣೆಯಲ್ಲಿ ಮತಗಟ್ಟೆ ಇರುವುದಿಲ್ಲ.

2015ರಲ್ಲಿ ಬಿಟ್ಟ ಆ ಆರು ಜನರಲ್ಲಿ ಮಿಕೊಲಾ ಸ್ಟಾಟ್ಕೆವಿಚ್ ಒಬ್ಬರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. 2010ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಜೈಲಿಗೆ ಹೋದ ಏಳು ಜನರಲ್ಲಿ ಒಬ್ಬರು. 2020ರ ಮೇ 31ರಂದು, ಸಹಿ ಸಂಗ್ರಹದ ಸಭೆಗೆ ಹೊರಟಿದ್ದವರನ್ನು ಮತ್ತೆ ಹಿಡಿದರು. ಹದಿನಾಲ್ಕು ವರ್ಷದ ಶಿಕ್ಷೆ. 2023ರ ಫೆಬ್ರುವರಿಯಿಂದ ಅವರ ಬಗ್ಗೆ ಒಂದು ಸುದ್ದಿಯೂ ಇರಲಿಲ್ಲ. 2025ರ ಸೆಪ್ಟೆಂಬರ್ 11ರಂದು ಬಿಡುಗಡೆಯಾದವರ ಬಸ್ಸು ಲಿಥುವೇನಿಯಾದ ಗಡಿಗೆ ಬಂದು ನಿಂತಾಗ, ಅರುವತ್ತೊಂಬತ್ತು ವಯಸ್ಸಿನ ಈ ಮನುಷ್ಯ ಬಾಗಿಲು ತಳ್ಳಿಕೊಂಡು ಕೆಳಗಿಳಿದರು. ದೇಶ ಬಿಟ್ಟು ಹೋಗುವುದಿಲ್ಲ ಎಂದರು. ಎರಡು ಗಡಿಗಳ ನಡುವಿನ, ಯಾರದೂ ಅಲ್ಲದ ಜಾಗದಲ್ಲಿ ಗಂಟೆಗಟ್ಟಲೆ ಉಳಿದರು. ಆಮೇಲೆ ಬೆಲಾರೂಸ್ ಕಡೆಯವರು ಬಂದು ಕರೆದುಕೊಂಡು ಹೋಗಿ ಮತ್ತೆ ಜೈಲಿಗೆ ಹಾಕಿದರು.

ಅಂದು ಬಿಟ್ಟೆವೆಂದು ಘೋಷಿಸಿದ ಕೈದಿಗಳು 52. ಗಡಿ ದಾಟಿದವರು 51.